ಕಲಬುರಗಿ ಬಿಸಿಲಿನಲ್ಲಿ ಹಸುಗೂಸು: ಮೊದಲ ಆರು ತಿಂಗಳು ಮನೆಯಲ್ಲಿ ಜೋಪಾನ ಮಾಡುವುದು ಹೇಗೆ?

ನನ್ನ ಮೊದಲ ಮಗಳು ಹುಟ್ಟಿದ್ದು ಏಪ್ರಿಲ್ ಕೊನೆಯಲ್ಲಿ. ಬಾಣಂತನ ಕಲಬುರಗಿಯ ತವರು ಮನೆಯಲ್ಲಿ. ಮೇಲೆ ತಗಡು, ಕೆಳಗೆ ಶಹಾಬಾದ್ ಫರಸಿ. ಹೊರಗೆ 42 ಡಿಗ್ರಿ ಬಿಸಿಲು. ಆದರೂ ಗಾಳಿ ಸೋಕಬಾರದು ಅಂತ ಕೋಣೆಯ ಕಿಟಕಿ ಮುಚ್ಚಿದ್ದರು. ಕೂಸಿನ ತಲೆಗೆ ಕುಲಾಯಿ, ಮೈಗೆ ಸ್ವೆಟರ್, ಮೇಲೊಂದು ಕೌದಿ.

ಐದನೇ ದಿನ ಕೂಸು ಅಳುವುದು ಕಡಿಮೆಯಾಯಿತು. "ಎಷ್ಟ್ ಶಾಣ್ಯಾ ಕೂಸು ನೋಡ್ರಿ, ಒಟ್ಟ ಅಳಂಗಿಲ್ಲ" ಅಂತ ನೋಡಲು ಬಂದವರೆಲ್ಲ ಹೊಗಳಿದರು. ಸಂಜೆ ಹೊತ್ತಿಗೆ ಅದರ ಮೈ ಸುಡುತ್ತಿತ್ತು. ಎಬ್ಬಿಸಿದರೂ ಕಣ್ಣು ಬಿಡುತ್ತಿರಲಿಲ್ಲ, ಹಾಲು ಚೀಪುತ್ತಿರಲಿಲ್ಲ. ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ನಿನ್ನೆಯಿಂದ ಎಷ್ಟು ಸಲ ಉಚ್ಚೆ ಹೊಯ್ದಿದೆ?" ಜೊತೆಗೆ ಹೋಗಿದ್ದ ನಾಲ್ಕು ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೃಷ್ಟಿ ತೆಗೆದದ್ದು, ಧೂಪ ಹಾಕಿದ್ದು, ಸಕ್ಕರೆ ನೀರು ಕುಡಿಸಿದ್ದು ಎಲ್ಲವೂ ನೆನಪಿತ್ತು. ಉಚ್ಚೆ ಎಷ್ಟು ಸಲ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಗಳು ಉಳಿದಳು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಕಡೆ ಕೂಸಿನ ಮೇಲೆ ಪ್ರೀತಿ ಕಡಿಮೆ ಅಂತ ಯಾರೂ ಹೇಳಲಾರರು. ಆದರೆ ನಾವು ಕೂಸಿಗೆ ಏನೇನೋ ಮಾಡುವುದು ಜಾಸ್ತಿ, ಕೂಸನ್ನು ನೋಡುವುದು ಕಡಿಮೆ. ಎರಡನೇ ಬಾಣಂತನದಲ್ಲಿ ನಾನು ಇದನ್ನು ತಿರುವು ಮುರುವು ಮಾಡಿದೆ. ಆಗ ಕಲಿತದ್ದನ್ನೆಲ್ಲ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಗೋಡೆಗೊಂದು ಕ್ಯಾಲೆಂಡರ್, ಕೈಗೊಂದು ಪೆನ್ನು

ಇದು ಸಣ್ಣ ಕೆಲಸ. ಆದರೆ ಮೊದಲು ಇದನ್ನೇ ಮಾಡಿ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಹಾಲು ಕುಡಿದಾಗ ಒಂದು ಗೆರೆ, ಉಚ್ಚೆಗೆ ಒಂದು ಚುಕ್ಕಿ, ಕಕ್ಕಕ್ಕೆ ಒಂದು ಸೊನ್ನೆ ಹಾಕಿ. ಓದು ಬಾರದ ಅತ್ತೆಯೂ ಚುಕ್ಕಿ ಇಡಬಹುದು.

ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಉಚ್ಚೆ ಹೆಚ್ಚುತ್ತಾ ಹೋಗಬೇಕು. ಐದನೇ ದಿನದ ನಂತರ 24 ಗಂಟೆಯಲ್ಲಿ 6 ಸಲವಾದರೂ ಆಗಬೇಕು. ಬಣ್ಣ ತಿಳಿಯಾಗಿರಬೇಕು. ಬಟ್ಟೆಯ ಮೇಲೆ ಗಾಢ ಹಳದಿ ಕಲೆ ಬಿದ್ದರೆ ಹಾಲು ಸಾಲುತ್ತಿಲ್ಲ ಅಂತ ಅರ್ಥ. ಹಾಲು 24 ಗಂಟೆಯಲ್ಲಿ 8ರಿಂದ 12 ಸಲ, ರಾತ್ರಿಯೂ ಸೇರಿ. ಮೊದಲ ವಾರಗಳಲ್ಲಿ ಕೂಸು ಮೂರು ಗಂಟೆಗಿಂತ ಜಾಸ್ತಿ ಮಲಗಿದ್ದರೆ ಎಬ್ಬಿಸಿ ಕುಡಿಸಿ. ಪಾದ ತಟ್ಟಿ, ಬಟ್ಟೆ ಸಡಿಲ ಮಾಡಿ, ಎದೆಗೆ ಹಾಕಿಕೊಳ್ಳಿ. "ಮಲಗಿದ ಕೂಸನ್ನ ಎಬ್ಬಿಸಬಾರದು" ಅನ್ನುವ ಮಾತು ದೊಡ್ಡ ಮಕ್ಕಳಿಗೆ ಸರಿ. ಐದು ದಿನದ ಕೂಸಿಗೆ ಅಲ್ಲ.

ಮೊದಲ ವಾರ ಕೂಸಿನ ತೂಕ ಸ್ವಲ್ಪ ಇಳಿಯುತ್ತದೆ. ಗಾಬರಿ ಬೇಡ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬರಬೇಕು. ಬರದಿದ್ದರೆ ತೋರಿಸಿ.

ಹಾಲು, ಮತ್ತು ನೀರಿನ ಜಗಳ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಬೇಕು. ಮೊದಲು ಬರುವ ಹಳದಿ, ಅಂಟು ಹಾಲನ್ನು ಹಿಂಡಿ ಚೆಲ್ಲಬೇಡಿ. ನೋಡಲು ಚಮಚದಷ್ಟೇ ಇರುತ್ತದೆ. ಕೂಸಿನ ಹೊಟ್ಟೆಗೂ ಅಷ್ಟೇ ಬೇಕು. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿರುತ್ತದೆ. ಜೇನುತುಪ್ಪ, ಬೆಲ್ಲದ ನೀರು, ಸಕ್ಕರೆ ನೀರು ಯಾವುದೂ ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಹಸುಗೂಸಿನ ಕರುಳಿನಲ್ಲಿ ಬೆಳೆದು ಕೈಕಾಲಿನ ಶಕ್ತಿಯನ್ನೇ ಕಳೆಯಬಲ್ಲದು.

ಕೂಸಿನ ಬಾಯಿ ಅಗಲವಾಗಿ ತೆರೆದು, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗಬೇಕು. ಕೂಸಿನ ಗದ್ದ ಎದೆಗೆ ತಾಗಿರಬೇಕು. ಬರೀ ತೊಟ್ಟನ್ನು ಚೀಪಿದರೆ ತಾಯಿಗೆ ಗಾಯ, ಕೂಸಿಗೆ ಹಸಿವು. ಮೊದಲ ಹೆರಿಗೆಯಲ್ಲಿ ಇದನ್ನು ನನಗೆ ಯಾರೂ ತೋರಿಸಿರಲಿಲ್ಲ. ನೋವಾದಾಗ "ಸಹಿಸ್ಕೋ" ಅಂದರು, ಅಷ್ಟೇ. ನೋವಾದರೆ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಇಟ್ಟು ಬಿಡಿಸಿ, ಮತ್ತೆ ಹಾಕಿಕೊಳ್ಳಿ. ಹತ್ತು ಸಲ ಬೇಕಾದರೂ ಮಾಡಿ.

ಈಗ ನೀರಿನ ಮಾತು. "ಕೂಸಿನ ಬಾಯಿ ಒಣಗ್ಯಾದ, ಎರಡ ಚಮಚ ನೀರ ಹಾಕವ್ವಾ" ಅಂತ ಅವ್ವ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಬಿಕ್ಕಳಿಕೆ ಬಂದರೂ ನೀರು, ಅತ್ತರೂ ನೀರು. ಅವಳ ತಪ್ಪಲ್ಲ. ಮೇ ತಿಂಗಳಲ್ಲಿ ನಮಗೇ ಗಂಟಲು ಆರುವಾಗ ಕೂಸಿಗೆ ಆರುವುದಿಲ್ಲವೇ ಅನಿಸುವುದು ಸಹಜ. ಆದರೆ ಎದೆಹಾಲಿನ 100 ಭಾಗದಲ್ಲಿ ಸುಮಾರು 88 ಭಾಗ ನೀರೇ ಇರುತ್ತದೆ. ಬಾಯಾರಿದ ಕೂಸು ಪದೇ ಪದೇ ಸ್ವಲ್ಪ ಸ್ವಲ್ಪ ಕುಡಿಯುತ್ತದೆ. ಅದೇ ಅದರ ನೀರು. ಬೇರೆ ನೀರು ಹಾಕಿದರೆ ಮುಷ್ಟಿಯಷ್ಟು ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ. ನೀರು ಕೆಟ್ಟದ್ದಾದರೆ ಭೇದಿ. ಜಾಸ್ತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಆರು ತಿಂಗಳವರೆಗೆ, ಎಂಥ ಬಿಸಿಲಿದ್ದರೂ, ಎದೆಹಾಲು ಬಿಟ್ಟು ಏನೂ ಬೇಡ. ಗ್ರೈಪ್ ವಾಟರ್, ಘುಟ್ಟಿ, ಅರೆದ ಬಜೆ ಕೂಡ ಬೇಡ. ಡಾಕ್ಟರ್ ಬರೆದ ವಿಟಮಿನ್ ಡಿ ಹನಿ ಅಥವಾ ಔಷಧಿ ಮಾತ್ರ ಇದಕ್ಕೆ ಹೊರತು.

ನೀರು ಬೇಕಾದದ್ದು ತಾಯಿಗೆ. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಇನ್ನೂ ಇದೆ. ಹೊಟ್ಟೆ ದೊಡ್ಡದಾಗುತ್ತದೆ ಅಂತಲೋ, ಕೂಸಿಗೆ ಶೀತ ಆಗುತ್ತದೆ ಅಂತಲೋ ಹೇಳುತ್ತಾರೆ. ಎರಡೂ ಸುಳ್ಳು. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಮಜ್ಜಿಗೆ ಕುಡಿಯಿರಿ. ಸಬ್ಬಸಗಿ ಪಲ್ಯ, ಮೆಂತ್ಯ, ಅಂಟಿನುಂಡಿ ತಿನ್ನಿ, ಒಳ್ಳೆಯದೇ. ಜೊತೆಗೆ ಬೇಳೆ, ಸೊಪ್ಪು, ರೊಟ್ಟಿ, ತಿನ್ನುವವರಾದರೆ ಮೊಟ್ಟೆ ಹೊಟ್ಟೆ ತುಂಬ ಇರಲಿ. ಬರೀ ಅನ್ನ ಸಾರಿನ ಪಥ್ಯದಲ್ಲಿ ಬಾಣಂತಿ ಸೊರಗುತ್ತಾಳೆ.

ಎಲ್ಲ ತಾಯಂದಿರಿಗೂ ಎದೆಹಾಲು ಕೊಡಲು ಆಗುವುದಿಲ್ಲ. ಅಂಥವರು ತಪ್ಪಿತಸ್ಥರಂತೆ ತಲೆ ತಗ್ಗಿಸಬೇಕಾಗಿಲ್ಲ. ಡಾಕ್ಟರ್ ಹೇಳಿದ ಪುಡಿ ಹಾಲನ್ನು ಡಬ್ಬಿಯ ಮೇಲೆ ಬರೆದ ಅಳತೆಗೇ ಕಲಸಿ. ಉಳಿಸಲು ಹೋಗಿ ತೆಳ್ಳಗೆ ಮಾಡಬೇಡಿ. ಬಾಟಲಿಗಿಂತ ಬಟ್ಟಲು, ಚಮಚ ಅಥವಾ ಒಳಲೆ ಮೇಲು, ಏಕೆಂದರೆ ತೊಳೆಯುವುದು ಸುಲಭ. ತೊಳೆದ ಮೇಲೆ ನೀರಿನಲ್ಲಿ ಹಾಕಿ ಕುದಿಸಿ. ಕುಡಿದು ಉಳಿದದ್ದನ್ನು ಚೆಲ್ಲಿಬಿಡಿ. ನಮ್ಮ ಸೆಕೆಗೆ ಹಾಲು ಬೇಗ ಕೆಡುತ್ತದೆ.

ಸೆಕೆಯಲ್ಲಿ ಕೂಸಿನ ಕೋಣೆ

ಇದಕ್ಕೆ ಜಾಸ್ತಿ ಗಮನ ಕೊಡಿ. ಬಾಣಂತನದ ನಮ್ಮ ಎಷ್ಟೋ ಪದ್ಧತಿಗಳು ಚಳಿಗಾಲಕ್ಕೆ ಹೊಂದುತ್ತವೆ. ಮೇ ತಿಂಗಳ ಕಲಬುರಗಿಗೆ, ರಾಯಚೂರಿಗೆ ಅಂಟಿಕೊಂಡ ಯಾದಗಿರಿಗೆ ಹೊಂದುವುದಿಲ್ಲ. ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು. ಅಲ್ಲಿ ಡಿಸೆಂಬರ್ ಚಳಿಗೆ ಹುಟ್ಟಿದ ಕೂಸಿನ ಲೆಕ್ಕವೇ ಬೇರೆ.

ಕೂಸಿಗೆ ಸೆಕೆಯೋ ಚಳಿಯೋ ಅಂತ ತಿಳಿಯುವುದು ಸುಲಭ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಪಾದದ ಮೇಲೆ ಇಡಿ. ಎರಡೂ ಹಿತವಾಗಿ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿಯಾಗಿದೆ, ಎದೆಗೆ ಅಪ್ಪಿಕೊಂಡು ಹೊದಿಸಿ. ಎರಡೂ ತಣ್ಣಗಿದ್ದರೆ ಅಪಾಯ. ಹಾಗೇ ಎದೆಗೆ ಹಾಕಿಕೊಂಡು ಆಸ್ಪತ್ರೆಗೆ ನಡೆಯಿರಿ. ಕುತ್ತಿಗೆ, ಬೆನ್ನು ಬೆವರಿ ಬಿಸಿಯಾಗಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ಬಿಸಿಲುಗಾಲದಲ್ಲಿ ತೆಳು ಹತ್ತಿಯ ಒಂದು ಅಂಗಿ, ಒಂದು ಲಂಗೋಟಿ ಸಾಕು. ಅವ್ವನ ಹಳೆಯ ಹತ್ತಿ ಸೀರೆ ಹರಿದು ಮಾಡಿದ ಬಟ್ಟೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಮಲಗಿದಾಗ ಕುಲಾಯಿ ತೆಗೆಯಿರಿ, ಕೂಸಿನ ಮೈಶಾಖ ತಲೆಯಿಂದಲೂ ಸಾಕಷ್ಟು ಹೋಗುತ್ತದೆ. ಆದರೆ 2.5 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಬೇಸಿಗೆಯಲ್ಲೂ ಚಳಿ ಹತ್ತುತ್ತದೆ. ಅಂಥ ಕೂಸಿಗೆ ಬರೀ ಲಂಗೋಟಿ, ಟೋಪಿ ಹಾಕಿ ತಾಯಿಯ ಬರಿ ಎದೆಯ ಮೇಲೆ, ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವುದೇ ಮದ್ದು. ಇದನ್ನು ಕಾಂಗರೂ ಆರೈಕೆ ಅನ್ನುತ್ತಾರೆ. ಅಪ್ಪನೂ ಮಾಡಬಹುದು, ಮಾಡಬೇಕು.

ಹೊರಸಿನ ಕೆಳಗೆ ಕೆಂಡ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಾಯಿ, ಕೂಸು ಇಬ್ಬರೂ ಮಲಗಿದಲ್ಲೇ ಹೋಗಬಹುದು. ಲೋಬಾನದ ಹೊಗೆಯೂ ಬೇಡ. ಬೇಕೇ ಬೇಕು ಅಂತ ಹಿರಿಯರು ಹಟ ಹಿಡಿದರೆ ಕೂಸನ್ನು ಹೊರಗೆ ಒಯ್ದು, ಕೋಣೆಗೆ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬನ್ನಿ. ಬೀಡಿ, ಸಿಗರೇಟು ಸೇದಿದವರು ಕೂಸನ್ನು ಎತ್ತಿಕೊಳ್ಳುವುದು ಬೇಡ. ಗುಟ್ಕಾ ಬಾಯಿಯ ಮುದ್ದಂತೂ ಬೇಡವೇ ಬೇಡ.

ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಕಿಟಕಿ ತೆರೆಯಿರಿ. 11ರಿಂದ 4 ಗಂಟೆವರೆಗೆ ಬಿಸಿಲು ಬೀಳುವ ಕಡೆ ಮುಚ್ಚಿ, ಒದ್ದೆ ಬಟ್ಟೆಯ ಪರದೆ ಬಿಡಿ. ತಗಡಿನ ಕೋಣೆಗಿಂತ ಕೆಳಗಿನ ಮನೆ, ಬೇವಿನ ನೆರಳಿನ ಪಡಸಾಲೆ ಮೇಲು. ಫ್ಯಾನ್ ಹಾಕಬಹುದು, ಅದರಿಂದ ಕೂಸಿಗೆ ಏನೂ ಆಗುವುದಿಲ್ಲ.

ನಮ್ಮಲ್ಲಿ ಮನೆಮನೆಗೂ ಕೂಲರ್ ಇದೆ. ಅದರ ಗಾಳಿ ನೇರವಾಗಿ ಕೂಸಿನ ಮುಖಕ್ಕೆ ಬಡಿಯದಂತೆ ತಿರುಗಿಸಿ. ಕೂಲರ್ ಹಾಕಿದಾಗ ಒಂದು ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಕೋಣೆ ಹಸಿಯಾಗಿ ಸೆಕೆ ಇನ್ನೂ ಹೆಚ್ಚುತ್ತದೆ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತಳ ಉಜ್ಜಿ, ಒಣಗಿಸಿ ತುಂಬಿಸಿ. ಡೆಂಗ್ಯೂ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಟ್ಟು ಸುಮಾರು ಒಂದು ವಾರದಲ್ಲೇ ಹಾರುವಂತಾಗುತ್ತದೆ. ಕೂಸು ಮಲಗುವುದು ಹಗಲಲ್ಲೂ ಸೊಳ್ಳೆಪರದೆಯೊಳಗೇ ಇರಲಿ, ಏಕೆಂದರೆ ಆ ಸೊಳ್ಳೆ ಕಚ್ಚುವುದೇ ಹಗಲು. ಇನ್ನೊಂದು ಮಾತು. ತಗಡಿನ ಕೂಲರ್‌ಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು. ಒದ್ದೆ ಕೈಯಲ್ಲಿ ಮುಟ್ಟಿದ ದೊಡ್ಡವರಿಗೇ ಶಾಕ್ ಹೊಡೆಯುವಾಗ, ನಾಳೆ ತೆವಳಿಕೊಂಡು ಹೋಗಿ ಕೈ ಹಾಕುವ ಕೂಸಿನ ಗತಿ ಏನು?

ಬೆವರುಸಾಲೆ ಎದ್ದರೆ ತಂಪು ಮಾಡಿ, ಬಟ್ಟೆ ಸಡಿಲಿಸಿ, ಮೈ ಒರೆಸಿ. ಪೌಡರ್ ಬೇಡ, ಅದರ ಧೂಳು ಶ್ವಾಸಕ್ಕೆ ಹೋಗುತ್ತದೆ.

ಎರೆಯುವುದು, ಹೊಕ್ಕಳು, ಮತ್ತು ಬಿಡಬೇಕಾದ ಪದ್ಧತಿಗಳು

ಹುಟ್ಟಿದ ಮೊದಲ 24 ಗಂಟೆ ಎರೆಯಬೇಡಿ. ಸಣ್ಣ ಕೂಸಾದರೆ ಇನ್ನೂ ಕಾಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ. ಮೊಣಕೈ ಅದ್ದಿ ನೋಡಿ. ಎರೆಯುವ ಅಜ್ಜಿಯ ಅಂಗೈ ಬಿಸಿಗೆ ಪಳಗಿರುತ್ತದೆ, ಅದನ್ನು ನಂಬಬೇಡಿ. ಎಣ್ಣೆ ತಿಕ್ಕುವುದು ಒಳ್ಳೆಯದೇ, ಮೆತ್ತಗೆ ತಿಕ್ಕಲಿ. ಆದರೆ ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದು, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕೆಲವು ಕೂಸುಗಳಿಗೆ, ಗಂಡಾಗಲಿ ಹೆಣ್ಣಾಗಲಿ, ಎದೆ ಸ್ವಲ್ಪ ಊದಿ ಹಾಲಿನಂತೆ ಬರುತ್ತದೆ. ಅದು ತಾನೇ ಹೋಗುತ್ತದೆ. ಹಿಂಡಿದರೆ ಕೀವಾಗುತ್ತದೆ.

ಹೊಕ್ಕಳಬಳ್ಳಿಗೆ ಏನೂ ಹಚ್ಚಬೇಡಿ. ಬೂದಿ, ಅರಿಶಿನ, ಎಣ್ಣೆ, ಸಗಣಿ ಯಾವುದೂ ಬೇಡ. ಒಣಗಿರಲಿ, ಲಂಗೋಟಿ ಅದರ ಕೆಳಗೆ ಕಟ್ಟಿ. ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಸುತ್ತ ಕೆಂಪಾದರೆ, ಕೀವು ಅಥವಾ ವಾಸನೆ ಬಂದರೆ ಅದೇ ದಿನ ತೋರಿಸಿ.

ಕಣ್ಣಿಗೆ ಕಾಡಿಗೆ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ಜೊತೆಗೆ ಬೆರಳಿನ ಕೊಳೆ. ದೃಷ್ಟಿಗೆ ಅಂತ ಮನಸ್ಸು ಕೇಳದಿದ್ದರೆ ಅಂಗಾಲಿಗೊಂದು ಬೊಟ್ಟು ಇಡಿ, ನಮ್ಮ ಅತ್ತೆ ಅದಕ್ಕೆ ಒಪ್ಪಿಕೊಂಡರು. ಕೊರಳಿಗೆ ದಾರ, ಮಣಿ ಬೇಡ.

ಕಾಮಾಲೆಗೆ, ಫಿಟ್ಸಿಗೆ, ಹೊಟ್ಟೆ ಉಬ್ಬಿದ್ದಕ್ಕೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಇದರಲ್ಲಿ ರಾಜಿ ಇಲ್ಲ. ಬರೆಯಿಂದ ಯಾವ ರೋಗವೂ ಹೋಗುವುದಿಲ್ಲ. ಸುಟ್ಟ ಗಾಯಕ್ಕೆ ಸೋಂಕು ತಗುಲಿ ಕೂಸು ಸಾಯಬಹುದು. ಯಾರಾದರೂ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲಿ.

ಮಲಗಿಸುವುದು

ಅಂಗಾತ, ಗಟ್ಟಿ ಹಾಸಿನ ಮೇಲೆ, ದಿಂಬಿಲ್ಲದೆ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಕೂಡ ಬೇಡ. ಮುಖದ ಮೇಲೆ ಬಟ್ಟೆ ಬೇಡ, ಬೈಕಿನಲ್ಲಿ ಕರೆದೊಯ್ಯುವಾಗಲೂ ಮೂಗು ಕಾಣುತ್ತಿರಬೇಕು. ಸೀರೆಯ ಜೋಳಿಗೆ ಕಟ್ಟುವುದಾದರೆ ನೆಲದ ಹತ್ತಿರ ಕಟ್ಟಿ. ಗಂಟನ್ನು ದಿನಾ ಎಳೆದು ನೋಡಿ. ಗದ್ದ ತನ್ನ ಎದೆಗೇ ಒತ್ತಿಕೊಂಡರೆ ಕೂಸಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ನಿದ್ದೆ ಹತ್ತಿದ ಮೇಲೆ ತೆಗೆದು ಹಾಸಿಗೆಗೆ ಹಾಕಿ. ದೊಡ್ಡ ಮಕ್ಕಳ ಕೈಗೆ ತೂಗಲು ಕೊಡಬೇಡಿ.

ಕಲ್ಲಿನ ಮನೆ ಅಂದರೆ ಚೇಳು ಇದ್ದೇ ಇರುತ್ತದೆ. ಪ್ರತಿ ಸಲ ಕೌದಿ ಜಾಡಿಸಿ ಹಾಸಿ. ಹಾಸಿಗೆಯನ್ನು ಗೋಡೆಯಿಂದ ಮೊಳದಷ್ಟು ದೂರ ಎಳೆಯಿರಿ. ಕೂಸಿಗೆ ಚೇಳು ಕಚ್ಚಿದರೆ ಮಂತ್ರ ಹಾಕಿಸುತ್ತಾ ಕೂರಬೇಡಿ. ಸಣ್ಣ ಮೈಗೆ ಆ ವಿಷ ನೇರ ಹೃದಯಕ್ಕೆ ತಟ್ಟುತ್ತದೆ. ಕೂಡಲೇ ಆಸ್ಪತ್ರೆ.

ಆಶಾ ಬಂದಾಗ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬರದಿದ್ದರೆ ಫೋನ್ ಮಾಡಿ ಕರೆಯಿರಿ. ತೂಕ ಮಾಡಿಸಿ, ಜ್ವರ ನೋಡಿಸಿ, ಕ್ಯಾಲೆಂಡರ್ ತೋರಿಸಿ.

ಲಸಿಕೆ: ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಸೂಜಿ ಹಾಕಿದ ರಾತ್ರಿ ಜ್ವರ ಬರಬಹುದು, ಅದಕ್ಕೆ ಹೆದರಿ ಮುಂದಿನದನ್ನು ಬಿಡಬೇಡಿ. ಬಿಸಿಜಿ ಹಾಕಿದ ಜಾಗ ಕೆಲ ವಾರಗಳ ನಂತರ ಗುಳ್ಳೆಯಾಗುತ್ತದೆ. ಹಾಗೇ ಬಿಡಿ.

ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವವರು ನಮ್ಮ ತಾಂಡಾಗಳಲ್ಲಿ, ಯಾದಗಿರಿಯ ಹಳ್ಳಿಗಳಲ್ಲಿ ಬಹಳ. ಲಸಿಕೆಯ ಲೆಕ್ಕ ಬರೆದಿರುವ ‘ತಾಯಿ ಕಾರ್ಡ್’ ಬಟ್ಟೆ ಗಂಟಿನಲ್ಲೇ ಕಟ್ಟಿಕೊಳ್ಳಿ, ಮೊಬೈಲಿನಲ್ಲೂ ಒಂದು ಫೋಟೋ ಇರಲಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಲಸಿಕೆ ಪುಕ್ಕಟೆ.

ಯಾವಾಗ ಓಡಬೇಕು

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ:

- ಹಾಲು ಬಿಟ್ಟಿದೆ, ಅಥವಾ ಚೀಪಲು ಶಕ್ತಿ ಇಲ್ಲ
- ಎಬ್ಬಿಸಿದರೂ ಏಳುತ್ತಿಲ್ಲ, ಮೈ ಜೋತು ಬಿದ್ದಿದೆ
- ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ, ಇಲ್ಲವೇ ಮೈ ತಣ್ಣಗೆ
- ಉಸಿರು ಬಿರುಸಾಗಿದೆ, ಪಕ್ಕೆ ಒಳಗೆ ಸೆಳೆಯುತ್ತಿದೆ
- ಫಿಟ್ಸ್
- ಹುಟ್ಟಿದ ಮೊದಲ ದಿನವೇ ಹಳದಿ, ಅಥವಾ ಎಂದಾದರೂ ಅಂಗೈ ಅಂಗಾಲು ಹಳದಿ
- ಮಲದಲ್ಲಿ ರಕ್ತ, ಹಸಿರು ವಾಂತಿ, ಉಚ್ಚೆ ಕಡಿಮೆ

ಉಸಿರನ್ನು ಕೂಸು ಶಾಂತವಾಗಿದ್ದಾಗ ಒಂದು ಪೂರ್ತಿ ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಮೇಲೆ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಮೇಲೆ ಇದ್ದರೆ ಬಿರುಸು. ಬೆಳಗಿನ ಎಳೆಬಿಸಿಲಿಗೆ ಹಿಡಿದರೆ ಕಾಮಾಲೆ ಹೋಗುತ್ತದೆ ಅಂತ ಕಾಯುತ್ತಾ ಕೂರಬೇಡಿ, ಅದು ಚಿಕಿತ್ಸೆ ಅಲ್ಲ.

108ಕ್ಕೆ ಫೋನ್ ಮಾಡಿ. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಓಡಾಟ ಉಚಿತ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಅನ್ನುವ ಸರ್ಕಾರಿ ದೊಡ್ಡಾಸ್ಪತ್ರೆಗಳಿವೆ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಗೆ ತಾಗಿರಲಿ, ಕುಡಿಯುವುದಾದರೆ ಕುಡಿಸುತ್ತಿರಿ.

ಭೇದಿ ಶುರುವಾದರೆ ಎದೆಹಾಲು ನಿಲ್ಲಿಸಬೇಡಿ, ಜಾಸ್ತಿ ಮಾಡಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿನಲ್ಲೇ ಕಲಸಿ, ಚಮಚ ಚಮಚ ಕೊಡಿ. ಆರು ತಿಂಗಳ ಮೊದಲೂ ಇದನ್ನು ಕೊಡಬಹುದು, ಇದು ಔಷಧಿ. ಸತು (ಝಿಂಕ್) ಮಾತ್ರೆ 14 ದಿನ ಪೂರ್ತಿ, ಆಶಾ ಅಥವಾ ಡಾಕ್ಟರ್ ಹೇಳಿದ ಅಳತೆಗೆ. ಎರಡು ತಿಂಗಳೊಳಗಿನ ಕೂಸಾದರೆ ನೇರ ಡಾಕ್ಟರಿಗೆ.

ತಾಯಿಯ ಕಡೆಗೂ ನೋಡಿ

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ನೆ ಅಳು ಬರುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸನ್ನು ನೋಡಲೂ ಮನಸ್ಸಿಲ್ಲ ಅನಿಸಿದರೆ, ಬದುಕೇ ಬೇಡ ಅನಿಸಿದರೆ ಅದು ಕಾಯಿಲೆ. ಮೈಮೇಲೆ ಬಂದದ್ದಲ್ಲ, ಸೊಕ್ಕೂ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರು ರಾತ್ರಿ ಒಂದು ಸಲವಾದರೂ ಬಟ್ಟೆ ಬದಲಿಸುವ ಕೆಲಸ ವಹಿಸಿಕೊಳ್ಳಿ. ಬಾಣಂತಿಗೆ ಒಟ್ಟಿಗೆ ಮೂರು ಗಂಟೆ ನಿದ್ದೆ ಸಿಕ್ಕರೆ ಅದೇ ದೊಡ್ಡ ಔಷಧಿ.

ಆರು ತಿಂಗಳು ತುಂಬಿದ ದಿನ

ಎರಡನೆಯವನೂ ಏಪ್ರಿಲ್‌ನಲ್ಲೇ ಹುಟ್ಟಿದ. ಸೀಗಿ ಹುಣ್ಣಿಮೆ ಹೊತ್ತಿಗೆ ಆರು ತಿಂಗಳು ತುಂಬಿತು. ನಮ್ಮ ತೊಗರಿ ಬ್ಯಾಳಿ, ಅಕ್ಕಿ ಸೇರಿಸಿ ಮೆತ್ತಗೆ ಬೇಯಿಸಿ, ಕಿವುಚಿ, ಮೇಲೆ ಎರಡು ಹನಿ ತುಪ್ಪ ಹಾಕಿದೆ. ಚಮಚ ಓರೆ ಮಾಡಿದರೆ ನೀರಿನಂತೆ ಹರಿಯಬಾರದು, ನಿಧಾನ ಜಾರಬೇಕು. ಉಪ್ಪು, ಸಕ್ಕರೆ ಹಾಕಲಿಲ್ಲ. ಮೊದಲ ವಾರ ದಿನಕ್ಕೆ ಎರಡು ಸಲ, ಎರಡು ಮೂರು ಚಮಚ. ಎದೆಹಾಲು ಮೊದಲಿನಂತೆಯೇ. ಆಮೇಲೆ ಒಂದೊಂದಾಗಿ ಜೋಳದ ನುಚ್ಚು, ಬೇಯಿಸಿದ ಗಜ್ಜರಿ, ಬಾಳೆಹಣ್ಣು, ಮೊಟ್ಟೆ.

ಅವ್ವ ಆರು ತಿಂಗಳು ಬಾಯಿ ಬಿಗಿ ಹಿಡಿದು ನನ್ನ ಮಾತು ನಡೆಸಿಕೊಟ್ಟಿದ್ದಳು. ಕ್ಯಾಲೆಂಡರಿನ ಚುಕ್ಕಿಗಳನ್ನು ಇಟ್ಟವಳೂ ಅವಳೇ. ಅವತ್ತು ಕುದಿಸಿ ಆರಿಸಿದ ನೀರಿನ ಮೊದಲ ಚಮಚವನ್ನು ಅವಳ ಕೈಗೇ ಕೊಟ್ಟೆ.